ಮುಗಿಯದ ಕೆಲಸವೂ ಈಶ್ವರಾರ್ಪಣವೂ



ಅರಸೀಕೆರೆಯ ಈ ದತ್ತಿ ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಾವು ನನಗೇ ಬಿಟ್ಟುಕೊಟ್ಟಾಗ, ಶಾಸ್ತ್ರಾರ್ಥದ ತೊಡಕುಗಳಾಗಲಿ ಇತಿಹಾಸಜ್ಞರ ವಾದವಿವಾದಗಳಾಗಲಿ ಈ ಸಂಜೆಗೆ ಬೇಡ, ಪ್ರತಿಯೊಬ್ಬ ಗೃಹಸ್ಥನೂ ಪ್ರತಿಯೊಬ್ಬ ಗೃಹಿಣಿಯೂ ರಾತ್ರಿ ಮಲಗುವ ಹೊತ್ತಿನಲ್ಲಿ ಒಳಗೊಳಗೇ ಅನುಭವಿಸತಕ್ಕ ಒಂದು ವ್ಯಥೆಯನ್ನು ಕುರಿತು ಮಾತನಾಡೋಣವೆಂದು ನಿಶ್ಚಯಿಸಿದೆನು. ಬೆಳಿಗ್ಗೆ ಎದ್ದಾಗ ಇಂತಿಂಥ ಕೆಲಸಗಳನ್ನು ಇಂದು ಪೂರೈಸಬೇಕೆಂದು ಬಗೆದಿರುತ್ತೇವೆ. ಅಷ್ಟರಲ್ಲಿ ಮಗುವಿಗೆ ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಹೊಲಕ್ಕೆ ಬರಬೇಕಾದ ಆಳು ಬರುವುದಿಲ್ಲ, ಕಚೇರಿಯಲ್ಲಿ ಸಿಕ್ಕಬೇಕಾದವರು ಸಿಕ್ಕುವುದಿಲ್ಲ. ಸಂಜೆಯಾಗುವ ವೇಳೆಗೆ ಬಗೆದದ್ದರಲ್ಲಿ ಅರ್ಧ ಹಾಗೆಯೇ ಉಳಿದು, ಮಾಡಿದ್ದರಲ್ಲಿಯೂ ಬಹುಭಾಗ ಅರೆಬರೆಯಾಗಿ, ಮನಸ್ಸಿನಲ್ಲಿ ಒಂದು ಬಗೆಯ ಸೋಲು ಕುಳಿತುಬಿಡುತ್ತದೆ. ಮಹಾವಿಪತ್ತುಗಳು ಬಂದಾಗ ದೇವರನ್ನು ನೆನೆಯುವವರು ಬಹುಮಂದಿ ಉಂಟು. ಆದರೆ ಈ ಸಣ್ಣ ಸೋಲುಗಳ ನಡುವೆ ದೈವಸಂಕಲ್ಪದಲ್ಲಿ ನಂಬಿಕೆಯಿಡುವುದು ಅದಕ್ಕಿಂತ ದುಷ್ಕರವೆಂದು ನನಗೆ ತೋರುತ್ತದೆ, ಏಕೆಂದರೆ ಇಲ್ಲಿ ನಂಬಿಕೆಗೆ ಬೇಕಾದ ಗಾಂಭೀರ್ಯವೂ ಇಲ್ಲ, ನೋಡಿ ಸಂತೈಸುವವರೂ ಇಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂಬ ಗಾದೆಯನ್ನು ನಾವೆಲ್ಲರೂ ನಿಟ್ಟುಸಿರಿನೊಡನೆ ಆಡುತ್ತೇವೆ. ಹಾಗೆ ಆಡುವಾಗ ದೈವವು ನಮ್ಮ ಎದುರು ಪಕ್ಷದಲ್ಲಿ ಕುಳಿತು ನಮ್ಮ ಲೆಕ್ಕವನ್ನು ಕೆಡಿಸುತ್ತಿರುವ ಒಂದು ಶಕ್ತಿಯೋ ಎಂಬಂತೆ ಧ್ವನಿಯಿರುತ್ತದೆ. ನಮ್ಮ ಹಿರಿಯರ ಆಚರಣೆಯೊಳಗೆ ಅಡಗಿರುವ ಭಾವನೆ ಇದಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಮನೆಗಳಲ್ಲಿ ನಡೆಯುವ ಅತಿಸಾಮಾನ್ಯವಾದ ಪೂಜೆಯೊಂದರ ಕ್ರಮವನ್ನೇ ನೋಡಿ. ಆಚಮನ ಪ್ರಾಣಾಯಾಮಗಳಾದ ಮೇಲೆ ಸಂಕಲ್ಪ. ಅದರಲ್ಲಿ ಮೊದಲು ಕಲ್ಪ, ಮನ್ವಂತರ, ಯುಗ, ಪಾದಗಳ ಉಚ್ಚಾರಣೆ. ಆಮೇಲೆ ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಇಷ್ಟೆಲ್ಲವೂ ಆದ ಬಳಿಕ, ಕಟ್ಟಕಡೆಯಲ್ಲಿ, ಈ ಊರಿನ ಈ ಮನೆಯ ಈ ಮನುಷ್ಯನ ಒಂದು ಪುಟ್ಟ ಉದ್ದೇಶ. ತನ್ನ ಇಂದಿನ ಯೋಜನೆಯನ್ನು ಹೇಳಿಕೊಳ್ಳುವುದಕ್ಕೆ ಮುಂಚೆ ಅದನ್ನು ಬ್ರಹ್ಮಕಲ್ಪದಷ್ಟು ವಿಸ್ತಾರವಾದ ಕಾಲದೊಳಗೆ ಇಟ್ಟು ನೋಡತಕ್ಕದ್ದೆಂಬ ವಿಧಿಯನ್ನು ಮಾಡಿದವರು ಮನುಷ್ಯನ ಸಂಕಲ್ಪವನ್ನು ತಿರಸ್ಕರಿಸಲಿಲ್ಲ. ಅದಕ್ಕೆ ತಕ್ಕ ಸ್ಥಾನವನ್ನು ತೋರಿಸಿಕೊಟ್ಟರು. ಪೂಜೆ ಮುಗಿದ ಮೇಲೆ ಬರುವುದು ಕ್ಷಮಾಪಣೆ. ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ನನ್ನಿಂದ ಏನೇನು ಲೋಪವಾಯಿತೋ ಅದು ನಿನ್ನ ಅನುಗ್ರಹದಿಂದ ಪರಿಪೂರ್ಣವಾಗಲಿ ಎಂಬುದು ಆ ಪ್ರಾರ್ಥನೆಯ ತಾತ್ಪರ್ಯ. ಇದನ್ನು ಲೋಪವಾದ ದಿನ ಮಾತ್ರ ಹೇಳಿ ಸಾಂಗವಾಗಿ ನಡೆದ ದಿನ ಬಿಡುವ ಪದ್ಧತಿಯಿಲ್ಲ. ನಾಲಗೆಯ ಮೇಲೆ ವೇದವಿರುವ ಘನಪಾಠಿಯೂ ಇದನ್ನು ಹೇಳಲೇಬೇಕು, ಅಕ್ಷರ ತಪ್ಪುವ ಬಾಲವಟುವೂ ಹೇಳಲೇಬೇಕು. ಅಂದಮೇಲೆ ಮನುಷ್ಯನು ಕೈಯಿಕ್ಕಿದ ಯಾವುದೂ ಪೂರ್ಣವಾಗಿ ಮುಗಿಯುವುದಿಲ್ಲವೆಂಬುದನ್ನು ನಮ್ಮ ಪೂಜಾವಿಧಿಯು ಅಪವಾದವೆಂದೆಣಿಸದೆ ನಿಯಮವೆಂದೇ ಅಂಗೀಕರಿಸಿದೆ. ಅಂಗೀಕರಿಸಿ, ಆ ಉಳಿದ ಭಾಗವನ್ನು ಯಾರ ವಶಕ್ಕೆ ಒಪ್ಪಿಸಬೇಕೆಂಬುದನ್ನೂ ಹೇಳಿಕೊಟ್ಟಿದೆ. ಅಂಗೈಯಿಂದ ಉದ್ಧರಣೆಯ ನೀರನ್ನು ಬಿಟ್ಟು ಕೃಷ್ಣಾರ್ಪಣವೆನ್ನುವಾಗ ನಾವು ಬಿಡುವುದು ಮಾಡಿದ್ದರ ಫಲವನ್ನಷ್ಟೇ ಅಲ್ಲ, ಮಾಡಲಾಗದೆ ಹೋದದ್ದರ ಚಿಂತೆಯನ್ನೂ ಕೂಡ.

ಈ ಮಾತನ್ನು ಕಲ್ಲಿನಲ್ಲಿ ಕಾಣಬೇಕೆನ್ನುವವರು ಬಹಳ ದೂರ ಹೋಗಬೇಕಾಗಿಲ್ಲ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯು ಹೊಯ್ಸಳ ಅರಸನಾದ ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಅಧಿಕಾರಿಯಾದ ಕೇತಮಲ್ಲನ ಉಸ್ತುವಾರಿಯಲ್ಲಿ ಆರಂಭವಾಯಿತೆಂದು ತಿಳಿದವರು ಹೇಳುತ್ತಾರೆ; ಸ್ಥಪತಿಗಳಲ್ಲಿ ಅಗ್ರಗಣ್ಯನಾಗಿ ಕೇದಾರೋಜನ ಹೆಸರು ಶಾಸನಗತವಾಗಿದೆ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗರ್ಭಗೃಹಗಳು, ಎದುರಿಗೆ ಎರಡು ನಂದಿಮಂಟಪಗಳು, ಅಧಿಷ್ಠಾನದ ಸುತ್ತಲೂ ಆನೆಯಿಂದ ಮೊದಲುಗೊಂಡು ಸಿಂಹ, ಲತೆ, ಕುದುರೆ, ಮತ್ತೆ ಲತೆ, ಪುರಾಣಕಥೆ, ಮಕರ, ಹಂಸಗಳವರೆಗೆ ಒಂದರ ಮೇಲೊಂದು ಎಂಟು ಪಟ್ಟಿಕೆಗಳು. ಕಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಮೈಯೊಡ್ಡಿದಂತೆ ಗಡುಸಾಗುವ ಬಳಪದ ಕಲ್ಲಾದುದರಿಂದ, ಆನೆಯ ಕೊರಳ ಗಂಟೆಯ ಸರವೂ, ರಾವಣನು ಎತ್ತಿದ ಕೈಲಾಸದ ಮೇಲಿನ ಪಕ್ಷಿಮೃಗಗಳೂ ಬಿಡಿಬಿಡಿಯಾಗಿ ಎದ್ದು ನಿಲ್ಲುವಷ್ಟು ಸೂಕ್ಷ್ಮವಾಗಿ ಉಳಿಯು ಆಡಿದೆ. ಇಷ್ಟಾಗಿಯೂ ತಲೆಯೆತ್ತಿ ನೋಡಿದರೆ ಗುಡಿಯ ಮೇಲೆ ಶಿಖರವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ವಾಸ್ತುವನ್ನು ಕುರಿತು ಬರೆದ ಜೇಮ್ಸ್ ಫರ್ಗುಸನ್ನನು ಈ ಗುಡಿಯನ್ನು ಅಥೆನ್ಸಿನ ಪಾರ್ಥೆನಾನಿನ ಪಕ್ಕದಲ್ಲಿಟ್ಟು ವಿಮರ್ಶಿಸಿದನು. ಕೆಲಸ ಪೂರೈಸದೆಯೇ ನಿಂತುಹೋಯಿತೆಂದೂ ಅವನೇ ಬರೆದನು.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಈ ಅಪೂರ್ಣತೆಯಲ್ಲ, ಅದರೊಳಗಿನ ಒಂದು ವಿಶೇಷ. ಶಿಖರವೇರುವುದೋ ಇಲ್ಲವೋ ಎಂಬ ಸಂದೇಹವು ಕೆಳಗಿನ ಪಟ್ಟಿಕೆಯ ಶಿಲ್ಪಿಯ ಕೈಯನ್ನು ಎಲ್ಲಿಯೂ ಅಲುಗಿಸಿಲ್ಲ. ಮೂಲೆಯಲ್ಲಿ, ನೋಡುವವರ ಕಣ್ಣು ಹೋಗದ ಸಂದಿಯಲ್ಲಿ ನಿಂತಿರುವ ಆನೆಗೂ ದ್ವಾರದ ಎದುರಿಗಿರುವ ಆನೆಗೂ ಒಂದೇ ಶ್ರದ್ಧೆ ಸಂದಿದೆ. ಇದೇ ಮಾತನ್ನು ಬೇರೊಂದು ರೀತಿಯಲ್ಲಿ ತೋರಿಸುವ ಸ್ಥಳ ಈ ಊರಿನ ಮಗ್ಗುಲಲ್ಲೇ ಇದೆ. ಹಾರನಹಳ್ಳಿಯಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣರೆಂಬ ಸಹೋದರರು 1234ರ ಸುಮಾರಿನಲ್ಲಿ ಚೆನ್ನಕೇಶವನಿಗೂ ಸೋಮೇಶ್ವರನಿಗೂ ಗುಡಿಗಳನ್ನು ಎತ್ತಿಸಿದರು. ಕೇಶವನ ಗುಡಿಯ ಗೋಡೆ ಶಿಲ್ಪಸಮೃದ್ಧವಾದುದು. ಸೋಮೇಶ್ವರನ ಗುಡಿಗೆ ಬಂದರೆ ಅಧಿಷ್ಠಾನದಲ್ಲಿ ಪಟ್ಟಿಕೆಗಳ ಏಣುಗಳು ಇವೆ, ಅವುಗಳ ನಡುವೆ ಆನೆ ಬರಬೇಕಾದ ಕಡೆ ಆನೆಯಿಲ್ಲದೆ, ಬಳ್ಳಿ ಹಬ್ಬಬೇಕಾದ ಕಡೆ ಬಳ್ಳಿಯಿಲ್ಲದೆ, ಕಲ್ಲು ಹಲವೆಡೆ ನುಣ್ಣಗೆ ಬರಿದಾಗಿ ಉಳಿದಿದೆ. ದುಡ್ಡು ಸಾಲಲಿಲ್ಲವೋ ಆಯುಸ್ಸು ಸಾಲಲಿಲ್ಲವೋ ನಾವು ಊಹಿಸಿ ಪ್ರಯೋಜನವಿಲ್ಲ. ಒಳಗೆ ಈಶ್ವರನ ಪ್ರತಿಷ್ಠೆಗೆ ಆ ಬರಿದಾದ ಪಟ್ಟಿಕೆಯಿಂದ ಏನೂ ಕೊರತೆಯಾಗಲಿಲ್ಲ. ಹೊರಗೆ ಆನೆಗಳ ಸಾಲು ತುಂಬಿದ ಮೇಲೆಯೇ ಒಳಗೆ ದೇವರು ಬರಬೇಕೆಂದು ಆ ಸಹೋದರರು ಕಾದು ಕುಳಿತಿರಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ, ಮಗಳ ಮದುವೆ ಆಗಲಿ, ಮನೆಯ ಸಾಲ ತೀರಲಿ, ಆಮೇಲೆ ನೆಮ್ಮದಿಯಾಗಿ ದೇವರ ಧ್ಯಾನ ಎಂದು ಮುಂದಕ್ಕೆ ಹಾಕುತ್ತ ಬರುತ್ತೇವಲ್ಲ, ಅಂಥವರು ಒಮ್ಮೆ ಹಾರನಹಳ್ಳಿಯ ಆ ಗೋಡೆಯ ಮುಂದೆ ನಿಂತು ಯೋಚಿಸಬೇಕು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ಮರೆಮಾಚಿ ಮುಂದಕ್ಕೆ ಹೋಗುವುದು ಸರಿಯಲ್ಲ. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರನ ದಂಡು ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಮೇಲೆ ಬಿದ್ದಿತು. ಮತ್ತೆ 1327ರ ಸುಮಾರಿಗೆ ತುಘಲಕನ ಸೈನ್ಯ ಬಂದು ರಾಜಧಾನಿಯನ್ನು ಹಾಳುಗೆಡವಿತು. ಹೊಯ್ಸಳ ಅರಸ ಮೂರನೆಯ ಬಲ್ಲಾಳನು ತಿರುವಣ್ಣಾಮಲೆಯವರೆಗೂ ನೆಲೆ ಬದಲಿಸಿ, ಇಳಿವಯಸ್ಸಿನಲ್ಲಿಯೂ ಕತ್ತಿ ಹಿಡಿದು, ಮಧುರೆಯ ಸುಲ್ತಾನರೊಡನೆ ಹೋರಾಡುತ್ತ ಪ್ರಾಣ ನೀಗಿದನು. ಇದೂ ದೈವಸಂಕಲ್ಪವೆ, ಸುಟ್ಟ ಮನೆಗಳೂ ಅನಾಥರಾದ ಮಕ್ಕಳೂ ಈಶ್ವರನ ಯೋಜನೆಯ ಅಂಗವೆ ಎಂದು ಯಾರಾದರೂ ಕೇಳಿದರೆ, ಹೌದೆಂದು ತಲೆಯಾಡಿಸುವ ಧೈರ್ಯ ನನಗಿಲ್ಲ. ಪರರ ದುಃಖಕ್ಕೆ ದೇವರ ಹೆಸರಿನಲ್ಲಿ ಕಾರಣ ಹೇಳಹೊರಡುವುದು ಭಕ್ತಿಯಲ್ಲ, ನಿರ್ದಯತೆ. ಮನುಷ್ಯನು ಮಾಡಿದ ಕ್ರೌರ್ಯಕ್ಕೆ ಮನುಷ್ಯನೇ ಹೊಣೆ. ದೈವದಲ್ಲಿ ನಂಬಿಕೆಯೆಂದರೆ ನಡೆದದ್ದಕ್ಕೆಲ್ಲ ಕಾರಣ ಬಲ್ಲೆನೆಂಬ ಅಹಂಕಾರವಲ್ಲ; ಕಾರಣ ತಿಳಿಯದಿದ್ದರೂ ಈ ಕತ್ತಲೆಯಾಚೆಗೆ ಕೈಹಿಡಿಯುವವನೊಬ್ಬನಿದ್ದಾನೆಂದು ಮುಂದಿನ ಹೆಜ್ಜೆಯನ್ನಿಡುವುದು. ಇದಕ್ಕಿಂತ ಹೆಚ್ಚಿನದನ್ನು ಈ ವಿಷಯದಲ್ಲಿ ಹೇಳಲು ನನಗೆ ಅಧಿಕಾರವಿಲ್ಲ.

ಬೇಲೂರಿಗೆ ಬಂದರೆ ನಿಂತುಹೋದ ಕೆಲಸ ಬೇರೆ ಬೇರೆ ಕೈಗಳಲ್ಲಿ ಹೇಗೆ ಮುಂದುವರಿಯಿತೆಂಬುದು ಕಣ್ಣಿಗೆ ಕಟ್ಟಿದಂತಿದೆ. 1117ರಲ್ಲಿ ವಿಷ್ಣುವರ್ಧನನು, ಇಂದು ನಾವು ಚೆನ್ನಕೇಶವನೆನ್ನುವ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರನ್ನು ಕಡೆದು ತಮ್ಮ ಹೆಸರುಗಳನ್ನು ಪೀಠದಲ್ಲಿ ಕೆತ್ತಿದರು. ಆದರೆ ನವರಂಗಕ್ಕೆ ಇಂದು ಬೆಳಕನ್ನು ಸೋಸಿ ಬಿಡುವ ಜಾಲಂದ್ರಗಳು ಪ್ರತಿಷ್ಠಾಪಕನ ಕಾಲದವಲ್ಲ. ಅವು ಮೊಮ್ಮಗನಾದ ವೀರಬಲ್ಲಾಳನ ಕಾಲದವು. ಮಹಾದ್ವಾರದ ಗೋಪುರವು ಶತ್ರುಗಳ ಬೆಂಕಿಗೆ ಆಹುತಿಯಾದ ಮೇಲೆ, ಹೊಯ್ಸಳ ವಂಶವೇ ಅಳಿದ ಮೇಲೆ, 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕನಾದ ಗುಂಡನು ಅದನ್ನು ಮತ್ತೆ ಎತ್ತಿಸಿದನು. ಗರ್ಭಗುಡಿಯ ಮೇಲಿನ ಶಿಖರವೋ, ಶಿಥಿಲವಾಗಿ ಕೆಳಗಿನ ಕಟ್ಟಡಕ್ಕೇ ಅಪಾಯವಾದೀತೆಂದು 1879ರಲ್ಲಿ ತೆಗೆದುಹಾಕಿದರು. ಈಗ ಬೇಲೂರಿನ ಗುಡಿಯೂ ಹಳೇಬೀಡಿನ ಗುಡಿಯೂ ಶಿಖರವಿಲ್ಲದೆಯೇ ನಿಂತಿವೆ. ಹೀಗೆ ಮೊದಲು ಬಗೆದವನ ಮನಸ್ಸಿನಲ್ಲಿದ್ದ ಬೇಲೂರು ಎಂದೂ ಒಂದೇ ಕಾಲಕ್ಕೆ ನೆಲದ ಮೇಲೆ ನಿಂತದ್ದಿಲ್ಲವೆಂದೇ ಹೇಳಬಹುದು. ಕೇಶವನಿಗೆ ನಿತ್ಯಪೂಜೆ ಮಾತ್ರ ಇಂದಿಗೂ ನಡೆಯುತ್ತಿದೆ, ಚೈತ್ರದಲ್ಲಿ ತೇರನ್ನು ಎಳೆಯುತ್ತಾರೆ. ಜಾಲಂದ್ರದಿಂದ ಬಂದ ಬೆಳಕಿನಲ್ಲಿ ಚೆನ್ನಿಗನ ಮುಖವನ್ನು ನೋಡಿದ ಮುದುಕಿ ಇದು ಅಜ್ಜನ ಕೆಲಸವೋ ಮೊಮ್ಮಗನ ಕೆಲಸವೋ ಎಂದು ವಿಚಾರಿಸುವುದಿಲ್ಲ.

ಸಾಹಿತ್ಯದಲ್ಲಿಯೂ ಈ ಸೀಮೆಗೆ ಸೇರಿದ ಒಂದು ದೃಷ್ಟಾಂತವುಂಟು. ಇದೇ ವೀರಬಲ್ಲಾಳನ ಮಂತ್ರಿಯಾದ ಪದ್ಮನಾಭನ ಪ್ರೇರಣೆಯಿಂದ ನೇಮಿಚಂದ್ರಕವಿಯು ಇಪ್ಪತ್ತೆರಡನೆಯ ತೀರ್ಥಂಕರನ ಚರಿತೆಯನ್ನು ಚಂಪುವಾಗಿ ಬರೆಯಲು ತೊಡಗಿದನು. ಕಾವ್ಯವು ಕಂಸವಧೆಯವರೆಗೆ ಬಂದು ನಿಂತಿತು. ಲೋಕವು ಅದಕ್ಕೆ ಅರ್ಧನೇಮಿಯೆಂದೇ ಹೆಸರಿಟ್ಟಿತು, ಆ ಹೆಸರಿನಲ್ಲಿಯೇ ಅದನ್ನು ಉಳಿಸಿಕೊಂಡಿತು. ತೀರ್ಥಂಕರನ ಕೇವಲಜ್ಞಾನ ನಿರ್ವಾಣಗಳನ್ನು ಹಾಡಬೇಕೆಂದು ಹೊರಟ ಭಕ್ತಕವಿಗೆ ಆ ಭಾಗವನ್ನು ಮುಟ್ಟುವುದೇ ಆಗಲಿಲ್ಲವೆಂಬುದನ್ನು ನೆನೆದಾಗ ನನಗೆ ಮನಸ್ಸು ಮರುಗುತ್ತದೆ. ಆದರೂ ಬರೆದಷ್ಟನ್ನು ಕನ್ನಡಿಗರು ಕಡೆಗಣಿಸಲಿಲ್ಲ. ಗದುಗಿನ ಕುಮಾರವ್ಯಾಸನ ಭಾರತದ ಮಾತೂ ಹೀಗೆಯೇ. ಹದಿನೆಂಟು ಪರ್ವಗಳಲ್ಲಿ ಹತ್ತು ಮಾತ್ರ ಅವನದು. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನು. ಮಲೆನಾಡಿನ ಮಳೆಗಾಲದ ರಾತ್ರಿಗಳಲ್ಲಿ ಗಮಕಿಯು ವಾಚಿಸುತ್ತಿದ್ದಾಗ ಕರ್ಣನಿಗಾಗಿ ಕಣ್ಣೀರು ಸುರಿಸಿದ ತಲೆಮಾರುಗಳು ಎಂಟು ಪರ್ವ ಉಳಿಯಿತೆಂದು ಕವಿಯನ್ನು ದೂರಿದ್ದುಂಟೆ? ತನ್ನನ್ನು ಲಿಪಿಕಾರನೆಂದೂ ವೀರನಾರಾಯಣನನ್ನೇ ಕವಿಯೆಂದೂ ತಿಳಿದವನಿಗೆ, ಎಲ್ಲಿ ನಿಲ್ಲಿಸಬೇಕೆಂಬುದೂ ಆ ಕವಿಗೇ ಸೇರಿದ ವಿಷಯವಾಗಿದ್ದಿರಬೇಕು.

ದೋರಸಮುದ್ರದ ಅರಮನೆಯಲ್ಲಿ ಕರಣಿಕನಾಗಿದ್ದನೆನ್ನುವ ಹರಿಹರಕವಿಯ ಐತಿಹ್ಯವನ್ನು ತಾವೆಲ್ಲರೂ ಕೇಳಿರುತ್ತೀರಿ. ಲೆಕ್ಕ ಒಪ್ಪಿಸುತ್ತಿದ್ದವನು ಇದ್ದಕ್ಕಿದ್ದಂತೆ ಕಡತವನ್ನು ಕೈಯಿಂದ ಉಜ್ಜಿದನಂತೆ. ಕೇಳಿದರೆ, ಹಂಪೆಯಲ್ಲಿ ವಿರೂಪಾಕ್ಷನ ಮುಂದಣ ತೆರೆಗೆ ಉರಿ ಹತ್ತಿತ್ತು, ಆರಿಸಿದೆ ಎಂದನಂತೆ. ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಭಾವಕ್ಕೆ ಬಿಟ್ಟದ್ದು. ಅರಸನ ಲೆಕ್ಕದ ನಡುವೆ ಇನ್ನೊಂದು ಕರೆ ಬಂದಾಗ ಅದಕ್ಕೆ ಕೈ ನೀಡಿದವನನ್ನು ನಮ್ಮ ಜನ ಮೈಗಳ್ಳನೆಂದು ತಿಳಿಯದೆ ಭಕ್ತನೆಂದು ಕೊಂಡಾಡಿದರೆಂಬುದಷ್ಟೇ ನನಗೆ ಮುಖ್ಯ. ನಮ್ಮ ದಿನದ ಯೋಜನೆಯನ್ನು ಮುರಿಯುವುದರಲ್ಲಿ ಬಹುಭಾಗ ಇಂಥ ಕರೆಗಳೇ ಅಲ್ಲವೆ? ಜ್ವರದ ಮಗು ಕರೆಯುತ್ತದೆ, ಬಾವಿಕಟ್ಟೆಯಲ್ಲಿ ಜಾರಿಬಿದ್ದ ನೆರೆಮನೆಯ ಅಜ್ಜಿ ಕರೆಯುತ್ತಾಳೆ. ಅಂದು ನಾವು ಬಗೆದ ಕೆಲಸ ನಿಂತಿತೆಂಬುದು ನಿಜ. ಅಂದು ನಮ್ಮಿಂದ ಆಗಬೇಕಾದ ಕೆಲಸ ನಿಂತಿತೆಂದು ಹೇಳಲು ಮಾತ್ರ ಬಾರದು.

ಹಾಗೆಂದು ಸೋಮಾರಿತನಕ್ಕೆ ದೈವದ ಹೆಸರನ್ನು ಹೊದಿಸುವುದನ್ನು ನಾನು ಒಪ್ಪುವವನಲ್ಲ. ಇನ್ನೊಬ್ಬರಿಗೆ ಕೊಡಬೇಕಾದ ಹಣವನ್ನು ಕೊಡದೆ, ಕೊಟ್ಟ ಮಾತನ್ನು ನಡೆಸದೆ, ಎಲ್ಲವೂ ಈಶ್ವರೇಚ್ಛೆಯೆಂದು ಕೈತೊಳೆದುಕೊಳ್ಳುವುದು ಅರ್ಪಣವಲ್ಲ, ವಂಚನೆ. ಅರ್ಪಿಸತಕ್ಕದ್ದು ಪ್ರಾಮಾಣಿಕವಾಗಿ ಕೈಲಾದುದನ್ನು ಮಾಡಿದ ಮೇಲೆ ಉಳಿದದ್ದನ್ನು ಮಾತ್ರ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳುವ ಪ್ರಶ್ನೆ ಸೋಮಾರಿಯದಲ್ಲ: ಶ್ರದ್ಧೆಯಿಂದ ಹೊರಟು, ನಡುದಾರಿಯಲ್ಲಿ ಚಿತ್ತ ಚಲಿಸಿ, ಗುರಿ ಮುಟ್ಟದೆ ಉಳಿದವನು ಚೂರಾದ ಮೋಡದಂತೆ ಎರಡೂ ಕಡೆಗೆ ಎರವಾಗಿ ಹೋಗುವನೆ ಎಂಬ ಭೀತಿ ಅವನದು. ಭಗವಂತನು ಅವನನ್ನು ಗದರಿಸಲಿಲ್ಲ. ಒಳ್ಳೆಯದನ್ನು ಮಾಡಹೊರಟವನಿಗೆ ಇಹದಲ್ಲಾಗಲಿ ಪರದಲ್ಲಾಗಲಿ ಹಾನಿಯಿಲ್ಲವೆಂದು ಮಗುವನ್ನು ಸಂತೈಸುವಂತೆ ಅಭಯವನ್ನಿತ್ತನು. ಬಿಟ್ಟ ಕಡೆಯಿಂದಲೇ ಮುಂದುವರಿಯಲು ಮುಂದಿನ ಜನ್ಮದಲ್ಲಿ ತಕ್ಕ ಮನೆಯನ್ನು ಒದಗಿಸುವ ಮಾತನ್ನೂ ಆಡಿದನು. ಒಂದು ಆಯುಸ್ಸಿನಲ್ಲಿ ಮುಗಿಯದ್ದಕ್ಕೇ ಇಷ್ಟು ಅವಕಾಶವಿರುವಾಗ ಒಂದು ಹಗಲಿನಲ್ಲಿ ಮುಗಿಯದ್ದಕ್ಕೆ ನಾವು ಇಷ್ಟೊಂದು ಹತಾಶರಾಗುವುದೇಕೆ?

ಈ ಊರಿನವನೇ ಆಗಿಹೋದ ಒಬ್ಬ ಮಹಾಪುರುಷನ ಮಾತನ್ನು ಹೇಳಿ ಮುಗಿಸುತ್ತೇನೆ. ವಸುಧೈಕಬಾಂಧವನೆಂಬ ಬಿರುದನ್ನು ಹೊತ್ತ ರೇಚರಸನು ಮೊದಲು ಕಲಚುರಿ ಅರಸರ ದಂಡನಾಯಕನಾಗಿ, ಆ ರಾಜ್ಯದ ಏಳಿಗೆಗಾಗಿ ದುಡಿದವನು. 1184ರ ಹೊತ್ತಿಗೆ ಕಲಚುರಿಗಳ ಆಳ್ವಿಕೆಯೇ ಅಳಿಯಿತು. ಒಬ್ಬ ಮಂತ್ರಿಯು ತನ್ನ ಪ್ರಾಯವನ್ನು ಸವೆಸಿ ಕಟ್ಟಿದ್ದೆಲ್ಲವೂ ಕಣ್ಣೆದುರಿಗೆ ಕುಸಿಯಿತು. ಆತನು ವೀರಬಲ್ಲಾಳನ ಆಶ್ರಯಕ್ಕೆ ಬಂದನು. ತನ್ನ ಹಳೆಯ ಒಡೆಯರ ನಾಡು ಪರಹಸ್ತಗತವಾದುದನ್ನು ಕಂಡು ಬಂದವನಿಗೆ ಎಂಥ ರಾತ್ರಿಗಳು ಕಳೆದಿರಬಹುದೆಂಬುದನ್ನು ಶಾಸನಗಳು ಹೇಳುವುದಿಲ್ಲ, ಹೇಳುವುದು ಅವುಗಳ ಕೆಲಸವೂ ಅಲ್ಲ. ಅವು ಹೇಳುವುದಿಷ್ಟೆ: 1220ರಲ್ಲಿ, ವೀರಬಲ್ಲಾಳನ ಆಳ್ವಿಕೆಯ ಕೊನೆಯ ವರ್ಷದಲ್ಲಿ, ಅದೇ ರೇಚರಸನು ಅರಸಿಯಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠಾಪಿಸಿ, ಅದರ ಅರ್ಚನೆಗೆ ದತ್ತಿಯನ್ನು ಬಿಟ್ಟನು. ಕಲಚುರಿ ರಾಜ್ಯವು ನಿಂತಿದ್ದರೆ ಆತನು ಈ ಊರಿಗೆ ಬರುತ್ತಿರಲಿಲ್ಲ. ಬಿಟ್ಟ ದತ್ತಿಯನ್ನು ತನ್ನ ಕಾಲಾನಂತರ ನಡೆಸಿಕೊಂಡು ಹೋಗುವವರು ಯಾರೆಂದು ಆತನಿಗೆ ತಿಳಿದಿರಲಿಲ್ಲ. ಆದುದರಿಂದಲೇ ಆ ಕಾಲದ ಶಾಸನಗಳು ತಾನು ಕೊಟ್ಟದ್ದಕ್ಕಿಂತ ಪರರು ಕೊಟ್ಟದ್ದನ್ನು ಕಾಪಾಡುವುದರಲ್ಲಿ ಇಮ್ಮಡಿ ಪುಣ್ಯವಿದೆಯೆಂದು ಮುಂದೆ ಹುಟ್ಟುವವರನ್ನು ಕರೆದು ಹೇಳುತ್ತವೆ. ಸರಿಸುಮಾರು ಅದೇ ಕಾಲದ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಬಂದವರಲ್ಲಿ ಬಹುಮಂದಿ ಸಹಸ್ರಕೂಟದ ಬಸದಿಯನ್ನು ನೋಡದೆಯೇ ಹಿಂದಿರುಗುತ್ತಾರೆ. ಊರಿನವರಾದ ನಮ್ಮಲ್ಲಿಯೂ ಅದನ್ನು ನೋಡದವರು ಇರಬಹುದು. ಅಂಥವರು ನಾಳೆಯೋ ನಾಡಿದ್ದೋ ಬಿಡುವು ಮಾಡಿಕೊಂಡು ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿ ಬರಬೇಕೆಂದು ಬೇಡಿಕೊಳ್ಳುತ್ತೇನೆ.